ತೋಟದಲ್ಲಿ ಎದ್ದ ಮುಳ್ಳಿನ ಕಳೆ ಯಾವುದು? ಮುಳ್ಳು ಹುಟ್ಟಿದ ಜಾಗ ನೋಡಿ ಗುರುತಿಸುವ ಬಗೆ

ನೀವು ಬಿತ್ತದ ಗಿಡವೊಂದು ತೋಟದಲ್ಲಿ ಎದ್ದಿದೆ. ಕೀಳೋಣ ಅಂತ ಬುಡಕ್ಕೆ ಕೈ ಹಾಕಿದಿರಿ, ಚುರುಕ್ ಅಂತ ಚುಚ್ಚಿತು. ಇದು ಯಾವ ಗಿಡ?

ಹೆಚ್ಚಿನವರು ಮೊದಲು ನೋಡುವುದು ಹೂವಿನ ಬಣ್ಣ, ಇಲ್ಲವೇ ಗಿಡದ ಎತ್ತರ. ಎರಡನ್ನೂ ಅಷ್ಟಾಗಿ ನಂಬಲು ಆಗುವುದಿಲ್ಲ. ಎಷ್ಟೋ ಸಲ ಹೂವು ಇನ್ನೂ ಬಿಟ್ಟೇ ಇರುವುದಿಲ್ಲ. ಎತ್ತರವಂತೂ ನೀರು, ಗೊಬ್ಬರ, ಬಿಸಿಲು ಸಿಕ್ಕಹಾಗೆ ಬದಲಾಗುತ್ತದೆ. ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಮುಳ್ಳು ಗಿಡದ ಯಾವ ಜಾಗದಿಂದ ಹೊರಟಿದೆ? ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ.

ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಒಂದು ವರ್ಷ ಸಾಲುಗಳ ನಡುವೆ ಎದ್ದ ಎಳೆ ಸಸಿಗಳನ್ನು ಮಾಮೂಲಿ ದಂಟಿನ ಗಿಡ ಅಂದುಕೊಂಡು ಹಾಗೇ ಬಿಟ್ಟೆ. ಎಲೆ ಹಾಗೇ ಇತ್ತು, ಕಾಂಡದ ಕೆಂಪೂ ಹಾಗೇ ಇತ್ತು. ಕೆಲವು ವಾರ ಕಳೆದು ನೋಡಿದರೆ ಗೆಣ್ಣು ಗೆಣ್ಣಿಗೂ ಎರಡೆರಡು ಸೂಜಿ! ಅಷ್ಟರಲ್ಲಿ ಬೀಜ ಉದುರಿ ಆಗಿತ್ತು. ಆಮೇಲೆ ಮೂರು ವರ್ಷ ಅದೇ ಜಾಗದಲ್ಲಿ ಅದೇ ಕಳೆಯನ್ನು ಕಿತ್ತಿದ್ದೇನೆ. ಹೆಸರು ಒಂದು ತಿಂಗಳು ಮೊದಲು ಗೊತ್ತಾಗಿದ್ದರೆ ಆ ಮೂರು ವರ್ಷದ ಕೆಲಸ ಉಳಿಯುತ್ತಿತ್ತು.

ಕೈ ಹಾಕುವ ಮೊದಲು

ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ತೆಳು ರಬ್ಬರಿನದು ಸಾಲದು, ಮುಳ್ಳು ಅದನ್ನು ದಾಟಿ ಬರುತ್ತದೆ. ಕತ್ತರಿ, ಸಣ್ಣ ಭೂತಗನ್ನಡಿ, ಅಳತೆಪಟ್ಟಿ, ಒಂದು ಹಳೆ ಪತ್ರಿಕೆ ಇಟ್ಟುಕೊಳ್ಳಿ. ಫೋನ್ ಹೇಗೂ ಇರುತ್ತದೆ.

ಹಗಲಿನಲ್ಲೇ ನೋಡಿ. ಸುಮ್ನೆ ಹೇಳುತ್ತಿಲ್ಲ, ಇದಕ್ಕೆ ಕಾರಣವಿದೆ. ಕೆಲವು ಗಿಡಗಳು ಸಂಜೆಯಾದ ಮೇಲೆ ಎಲೆ ಮಡಚಿಕೊಳ್ಳುತ್ತವೆ. ಆಗ ಎಲೆಯ ಆಕಾರವೇ ತಿಳಿಯುವುದಿಲ್ಲ.

ಒಂದೇ ಗಿಡ ನೋಡಿ ತೀರ್ಮಾನಕ್ಕೆ ಬರಬೇಡಿ. ಸುತ್ತಮುತ್ತ ಅದೇ ಜಾತಿಯ ಇನ್ನೂ ಎರಡು ಮೂರು ಗಿಡ ಇದ್ದೇ ಇರುತ್ತವೆ. ಒಂದರಲ್ಲಿ ಹೂವು, ಇನ್ನೊಂದರಲ್ಲಿ ಕಾಯಿ ಸಿಗಬಹುದು.

ಮೊದಲ ಹಂತ: ಮುಳ್ಳು ಎಲ್ಲಿಂದ ಹೊರಟಿದೆ?

ನಾವು ಎಲ್ಲವನ್ನೂ ಮುಳ್ಳು ಅಂತಲೇ ಕರೆಯುತ್ತೇವೆ. ಗಿಡದ ಲೆಕ್ಕದಲ್ಲಿ ಅವು ಬೇರೆ ಬೇರೆ. ನಿಂಬೆ ಗಿಡದ ಮುಳ್ಳು ಎಲೆಯ ಕಂಕುಳಲ್ಲಿ, ಅಂದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ ಹುಟ್ಟುತ್ತದೆ. ಕೊಂಬೆಯಾಗಬೇಕಿದ್ದ ಮೊಳಕೆಯೇ ಅಲ್ಲಿ ಮುಳ್ಳಾಗಿದೆ. ಪಾಪಾಸುಕಳ್ಳಿಯ ಮುಳ್ಳು ಎಲೆಯ ಬದಲಾದ ರೂಪ. ಗುಲಾಬಿಯ ಮುಳ್ಳು ಇವೆರಡೂ ಅಲ್ಲ, ಅದು ಬರೀ ಸಿಪ್ಪೆಯ ಮೇಲಿನ ಬೆಳವಣಿಗೆ. ಪಕ್ಕಕ್ಕೆ ಒತ್ತಿದರೆ ಟಪ್ ಅಂತ ಕಳಚಿ ಬರುತ್ತದೆ, ಒಳಗಿನ ಕಟ್ಟಿಗೆಗೆ ಏನೂ ಆಗುವುದಿಲ್ಲ. ಬದನೆ ಬಳಗದ ಮುಳ್ಳೂ ಗುಲಾಬಿಯ ಥರದ್ದೇ. ಈ ಎರಡು ಬಳಗಗಳಿಗೆ ಹತ್ತಿರದ ನೆಂಟಸ್ತನ ಇಲ್ಲ. ಆದರೂ ಎರಡರಲ್ಲೂ ಮುಳ್ಳು ಮೂಡಿಸುವುದು ಒಂದೇ ಗುಂಪಿನ ಜೀನ್‌ಗಳು ಅಂತ 2024ರಲ್ಲಿ ಸಂಶೋಧಕರು ತೋರಿಸಿದರು. ಗಿಡದ ಬೆಳವಣಿಗೆಯ ಹಾರ್ಮೋನ್ ತಯಾರಿಸುವ ಜೀನ್‌ಗಳೇ ಇಲ್ಲಿ ಮುಳ್ಳಿನ ಕೆಲಸಕ್ಕೂ ಬಳಕೆಯಾಗಿವೆ. ಗುರುತಿಸಲು ಇದು ಬೇಕಿಲ್ಲ, ಆದರೆ ನನಗೆ ತುಂಬ ಇಷ್ಟವಾದ ಸಂಗತಿ.

ಈಗ ಗಿಡದ ಹತ್ತಿರ ಬನ್ನಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಗೆಣ್ಣನ್ನು ನೋಡಿ. ಎರಡು ಗೆಣ್ಣುಗಳ ನಡುವಿನ ಕಾಂಡ ನೋಡಿ. ಎಲೆಯನ್ನು ಮಗುಚಿ ಹಿಂಬದಿಯ ನರಗಳನ್ನು ನೋಡಿ. ಎಲೆಯ ಅಂಚು ನೋಡಿ. ಕಾಯಿ ಇದ್ದರೆ ಅದನ್ನೂ ನೋಡಿ. ಮುಳ್ಳು ಗೆಣ್ಣಿನಲ್ಲಿ ಮಾತ್ರ ಇದೆಯೇ, ಕಾಂಡದ ಮೇಲೆಲ್ಲ ಹರಡಿದೆಯೇ, ಎಲೆಯ ನರಗಳ ಮೇಲೂ ನಿಂತಿದೆಯೇ, ಎಲೆಯ ಅಂಚೇ ಮುಳ್ಳಾಗಿದೆಯೇ, ಅಥವಾ ಕಾಯಿ ಬಿಟ್ಟು ಬೇರೆಲ್ಲೂ ಇಲ್ಲವೇ? ಇದನ್ನು ಬರೆದಿಟ್ಟುಕೊಳ್ಳಿ. ಮುಂದಿನ ದಾರಿ ಇಲ್ಲಿಂದ ಕವಲೊಡೆಯುತ್ತದೆ.

ಗೆಣ್ಣಿನಲ್ಲಿ ಜೋಡಿ ಮುಳ್ಳು: ಮುಳ್ಳು ದಂಟು

ನನ್ನನ್ನು ಮೂರು ವರ್ಷ ಕಾಡಿದ್ದು ಇದೇ, ಅಮರಾಂಥಸ್ ಸ್ಪೈನೋಸಸ್. ಅಮೆರಿಕದ ಉಷ್ಣವಲಯದಿಂದ ಹೊರಟು ಇವತ್ತು ಬೆಚ್ಚಗಿನ ನಾಡುಗಳಲ್ಲೆಲ್ಲ ಹಬ್ಬಿದೆ. ಹೆಸರಿನ ಎರಡನೇ ಪದಕ್ಕೆ ಮುಳ್ಳುಳ್ಳದ್ದು ಅಂತಲೇ ಅರ್ಥ.

ಪ್ರತಿ ಎಲೆಯ ಕಂಕುಳಲ್ಲಿ ಎರಡು ನೇರವಾದ ಗಟ್ಟಿ ಮುಳ್ಳು, ಸುಮಾರು 1 ಸೆಂಟಿಮೀಟರ್ ಉದ್ದ. ಗೆಣ್ಣುಗಳ ನಡುವಿನ ಕಾಂಡವನ್ನು ಬೆರಳಿನಿಂದ ಸವರಿ ನೋಡಿ, ನುಣ್ಣಗೆ ಇರುತ್ತದೆ. ಎಲೆಯ ಮೇಲೆ ಎಲ್ಲೂ ಮುಳ್ಳಿಲ್ಲ. ಈ ಮೂರೂ ಒಟ್ಟಿಗೆ ಕಂಡರೆ ಅನುಮಾನ ಬೇಡ.

ಉಳಿದ ಗುರುತುಗಳು ಖಾತ್ರಿ ಮಾಡಿಕೊಳ್ಳಲು. ಎಲೆಗಳು ಒಂದಾದ ಮೇಲೊಂದು ಬೇರೆ ಬೇರೆ ಬದಿಗೆ ಬಿಡುತ್ತವೆ, ಎದುರುಬದುರಾಗಿ ಅಲ್ಲ. ತೊಟ್ಟು ಉದ್ದ. ಕೆಲವು ಗಿಡಗಳ ಎಲೆಯ ನಡುವೆ ತಿಳಿ ಬಣ್ಣದ ಗುರುತು ಇರುತ್ತದೆ. ಕಾಂಡ ಕೆಂಪಾಗಿರಬಹುದು, ಹಸಿರಾಗಿಯೂ ಇರಬಹುದು. ಹಾಗಾಗಿ ಬಣ್ಣವನ್ನು ನೆಚ್ಚಿಕೊಳ್ಳಬೇಡಿ. ಹೂವು ಸಣ್ಣದು, ಹಸಿರು. ಕಂಕುಳಲ್ಲಿ ಉಂಡೆ ಉಂಡೆಯಾಗಿ ಒಂದಷ್ಟು, ತುದಿಯಲ್ಲಿ ಉದ್ದನೆಯ ತೆನೆಯಾಗಿ ಒಂದಷ್ಟು. ಕಂಕುಳ ಉಂಡೆಗಳಲ್ಲಿ ಹೆಚ್ಚಿನವು ಹೆಣ್ಣು ಹೂಗಳು, ತುದಿಯ ತೆನೆಯಲ್ಲಿ ಹೆಚ್ಚಿನವು ಗಂಡು ಹೂಗಳು. ಅಂದರೆ ಮೇಲಿನ ತೆನೆ ಇನ್ನೂ ಹಸಿಯಾಗಿ ಕಾಣುವಾಗಲೇ ಕೆಳಗೆ ಬೀಜ ಬಲಿತಿರಬಹುದು. ನಾನು ಮೋಸ ಹೋದದ್ದು ಇಲ್ಲೇ. ತೆನೆ ಒಣಗಲಿ, ಆಮೇಲೆ ಕಿತ್ತರಾಯಿತು ಅಂತ ಕಾದೆ.

ಬೀಜ ಕಪ್ಪಗೆ, ಹೊಳೆಯುವಂತೆ, ಸುಮಾರು 1 ಮಿಲಿಮೀಟರ್. ಚೆನ್ನಾಗಿ ಬೆಳೆದ ಒಂದು ಗಿಡ ಲಕ್ಷಕ್ಕೂ ಜಾಸ್ತಿ ಬೀಜ ಕೊಡಬಲ್ಲದು. ಒಂದೇ ಒಂದು ಗಿಡ ಬಿಟ್ಟರೆ ಏನಾಗುತ್ತದೆ ಅಂತ ಇದರಿಂದಲೇ ಅಂದಾಜು ಮಾಡಬಹುದು, ಅಲ್ವಾ?

ಕಾಂಡದ ಮೇಲೆಲ್ಲ ಮುಳ್ಳು: ಮುಟ್ಟಿ ನೋಡಿ

ಮುಳ್ಳು ಗೆಣ್ಣು ಬಿಟ್ಟು ಕಾಂಡದ ಮೇಲೂ ಅಲ್ಲಲ್ಲಿ ಇದ್ದರೆ, ಎಲೆಗಳು ಗರಿಯಂತೆ ಸಣ್ಣ ಸಣ್ಣ ಎಲೆಗಳ ಜೋಡಿಯಾಗಿದ್ದರೆ, ಬೆರಳಿನಿಂದ ಮೆಲ್ಲಗೆ ಮುಟ್ಟಿ. ಕೆಲವೇ ಸೆಕೆಂಡಿನಲ್ಲಿ ಮಡಚಿಕೊಂಡರೆ ನಾಚಿಕೆ ಮುಳ್ಳು, ಮುಟ್ಟಿದರೆ ಮುನಿ. ಸಸ್ಯಶಾಸ್ತ್ರದ ಹೆಸರು ಮಿಮೋಸಾ ಪುಡಿಕಾ. ಲ್ಯಾಟಿನ್ ಭಾಷೆಯಲ್ಲಿ ಪುಡಿಕಾ ಅಂದರೂ ನಾಚುವವಳು ಅಂತಲೇ ಅರ್ಥ. ದೂರ ದೂರದ ಎರಡು ಭಾಷೆಯವರಿಗೆ ಒಂದೇ ಗುಣ ಕಣ್ಣಿಗೆ ಬಿದ್ದಿದೆ.

ಸಣ್ಣ ಎಲೆಗಳ ಬುಡದಲ್ಲಿ ಉಬ್ಬಿದ ಕೀಲಿನಂಥ ಭಾಗ ಇರುತ್ತದೆ. ಮುಟ್ಟಿದಾಗ ಅದರ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಹೋಗುತ್ತವೆ. ಹಿಂದೆಯೇ ನೀರೂ ಹೋಗುತ್ತದೆ. ಆ ಬದಿ ಸಡಿಲಾಗಿ ಎಲೆ ಮಡಚುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ರಾತ್ರಿ ಯಾರೂ ಮುಟ್ಟದಿದ್ದರೂ ಮಡಚುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯುವ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದ. ಬಿಸಿಲೇ ಇಲ್ಲದಿದ್ದರೂ ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಿತ್ತು. ಜೀವಿಗಳ ಒಳಗಿನ ಗಡಿಯಾರದ ಬಗ್ಗೆ ನಡೆದ ಅಧ್ಯಯನಗಳು ಅಲ್ಲಿಂದಲೇ ಶುರುವಾದವು.

ಆದರೆ ಮುಟ್ಟಿದರೆ ಮುನಿಯುವುದು ಇದೊಂದೇ ಅಲ್ಲ, ಇಲ್ಲಿ ಎಚ್ಚರ ಬೇಕು. ಒಂದು ತೊಟ್ಟಿನ ತುದಿಯಿಂದ ಎಷ್ಟು ಗರಿ ಹೊರಟಿವೆ ಅಂತ ಎಣಿಸಿ. ನಾಚಿಕೆ ಮುಳ್ಳಿನಲ್ಲಿ ಎರಡರಿಂದ ನಾಲ್ಕು, ಎಲ್ಲವೂ ಒಂದೇ ಜಾಗದಿಂದ ಕೈಬೆರಳಿನ ಹಾಗೆ ಹರಡಿರುತ್ತವೆ. ತೊಟ್ಟಿನ ಉದ್ದಕ್ಕೂ ನಾಲ್ಕಕ್ಕಿಂತ ಹೆಚ್ಚು ಜೋಡಿ ಗರಿ ಇದ್ದು, ಕಾಂಡ ದುಂಡಗಿರದೆ ಏಣು ಏಣಾಗಿದ್ದು, ಆ ಏಣುಗಳ ಮೇಲೆ ಹಿಂದಕ್ಕೆ ಬಾಗಿದ ಕೊಕ್ಕೆಗಳು ಸಾಲಾಗಿದ್ದರೆ ಅದು ಮಿಮೋಸಾ ಡಿಪ್ಲೋಟ್ರೈಕಾ. ಅದು ನೆಲಕ್ಕೆ ಅಂಟಿ ಉಳಿಯುವುದಿಲ್ಲ. ಪಕ್ಕದ ಗಿಡಗಳ ಮೇಲೆ ಹತ್ತಿ ಮುಚ್ಚಿಬಿಡುತ್ತದೆ. ಎರಡರಲ್ಲೂ ನಸುಗೆಂಪಿನ ಉಂಡೆ ಹೂವು, ಹಾಗಾಗಿ ಹೂವು ನೋಡಿ ನಿರ್ಧರಿಸಲು ಹೋದರೆ ತಪ್ಪುತ್ತದೆ. ನೀರಿನ ಅಂಚಿನಲ್ಲಿ ಆಳೆತ್ತರ ಮೀರಿ ಪೊದೆಯಾಗಿ ನಿಂತದ್ದಾದರೆ ಮಿಮೋಸಾ ಪಿಗ್ರಾ ಇರಬಹುದು.

ಎಲೆ ಗರಿಯಂತಿಲ್ಲದೆ, ಎದುರುಬದುರಾಗಿ, ಒರಟಾಗಿ ಇದ್ದು, ಉಜ್ಜಿದರೆ ಖಾರವಾದ ವಾಸನೆ ಬಂದರೆ ಲಂಟಾನ. ಕಾಂಡ ಚೌಕ, ಮುಳ್ಳು ಚಿಕ್ಕದು, ಬಾಗಿದ್ದು.

ಎಲೆಯ ನರದ ಮೇಲೂ ಮುಳ್ಳು: ಬದನೆಯ ನೆಂಟರು

ಎಲೆಯ ಮೇಲೆ, ಕೆಳಗೆ, ನಡುನರದ ಉದ್ದಕ್ಕೂ ಸೂಜಿ ನಿಲ್ಲಿಸಿದಂತೆ ಮುಳ್ಳಿದ್ದರೆ ಬಹುಮಟ್ಟಿಗೆ ಅದು ಸೊಲಾನಮ್, ಅಂದರೆ ಬದನೆಯ ಬಳಗ. ಹೂವು ಇದ್ದರೆ ಕೂಡಲೇ ಖಾತ್ರಿ ಆಗುತ್ತದೆ. ಬುಡದಲ್ಲಿ ಕೂಡಿಕೊಂಡ ಐದು ಎಸಳಿನ ನಕ್ಷತ್ರ, ನಡುವೆ ಒತ್ತಾಗಿ ನಿಂತ ಐದು ಹಳದಿ ಕೇಸರ. ಬದನೆ ಹೂವು ನೋಡಿದವರಿಗೆ ಬೇರೆ ವಿವರಣೆಯೇ ಬೇಡ.

ಬಳಗ ಗೊತ್ತಾಗುವುದು ಸುಲಭ, ಜಾತಿ ಗೊತ್ತಾಗುವುದು ಕಷ್ಟ. ಇಲ್ಲಿ ನಾನು ಕಾಯಿಗಾಗಿ ಕಾಯುತ್ತೇನೆ.

ಗಿಡ ನೆಲಕ್ಕೆ ಹರಡಿಕೊಂಡು, ಹಳದಿ ಮುಳ್ಳು ದಟ್ಟವಾಗಿ, ಹೂವು ನೇರಳೆ, ಕಾಯಿ ಹಸಿರಿನ ಮೇಲೆ ಬಿಳಿ ಪಟ್ಟೆ, ಹಣ್ಣಾದರೆ ಹಳದಿ. ಇದು ನೆಲಗುಳ್ಳ, ಸೊಲಾನಮ್ ವರ್ಜಿನಿಯಾನಮ್. ಆಳೆತ್ತರದ ಪೊದೆ, ಮುಳ್ಳು ಕಡಿಮೆ, ಎಲೆ ಮಖಮಲ್ಲಿನಂತೆ, ಬಿಳಿ ಹೂವಿನ ಗೊಂಚಲು, ಬಟಾಣಿಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳ ಗೊಂಚಲು. ಇದು ಸುಂಡೆ, ಸೊಲಾನಮ್ ಟಾರ್ವಮ್. ಹೂವಾದ ಮೇಲೆ ಕಾಯಿಯನ್ನು ಮುಳ್ಳಿನ ಹಸಿರು ಚೀಲ ಸುತ್ತಿಕೊಂಡು, ಹಣ್ಣಾದಾಗ ಅದು ಬಿರಿದು ಒಳಗಿನ ಕೆಂಪು ಹಣ್ಣು ಕಂಡರೆ ಸೊಲಾನಮ್ ಸಿಸಿಂಬ್ರಿಫೋಲಿಯಮ್.

ಇನ್ನೊಂದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಸೊಲಾನಮ್ ವಯಾರಮ್. ಸೊಂಟದಿಂದ ಆಳೆತ್ತರದವರೆಗೆ ಬೆಳೆಯುತ್ತದೆ. ಕಾಂಡ, ಎಲೆ, ತೊಟ್ಟು ಎಲ್ಲದರ ಮೇಲೂ ನೇರ ಮುಳ್ಳು, ಜೊತೆಗೆ ಮೃದುವಾದ ರೋಮ. ಹೂವು ಬಿಳಿ. ಎಳೆ ಕಾಯಿ ನೋಡಿದರೆ ಪುಟ್ಟ ಕಲ್ಲಂಗಡಿಯೇ, ತಿಳಿ ಹಸಿರಿನ ಮೇಲೆ ಕಡು ಹಸಿರಿನ ಮಚ್ಚೆ. ಹಣ್ಣಾದರೆ 2ರಿಂದ 3 ಸೆಂಟಿಮೀಟರಿನ ಹಳದಿ ಗೋಲಿ. ಇದರ ಮೂಲ ದಕ್ಷಿಣ ಅಮೆರಿಕ. ಅಮೆರಿಕದ ಫ್ಲೋರಿಡಾದಲ್ಲಿ ಮೊದಲು ಕಂಡದ್ದು 1988ರಲ್ಲಿ. 1995ರ ಹೊತ್ತಿಗೆ ಅಲ್ಲಿನ ಸರ್ಕಾರ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಬೇಕಾಯಿತು. ಅಷ್ಟು ಬೇಗ ಹಬ್ಬಲು ಕಾರಣ ದನಕರುಗಳು. ಮುಳ್ಳಿನ ಎಲೆಯನ್ನು ಬಿಟ್ಟು ಹಣ್ಣು ಮಾತ್ರ ತಿನ್ನುತ್ತವೆ, ಸಗಣಿಯ ಜೊತೆ ಬೀಜ ಊರೂರು ತಿರುಗುತ್ತದೆ. ಒಂದು ಹಣ್ಣಿನಲ್ಲೇ ನೂರಾರು ಬೀಜ. ನಿಮ್ಮ ತೋಟಕ್ಕೆ ಹಸಿ ಗೊಬ್ಬರ ಹಾಕಿದ ಮೇಲೆ ಹೊಸ ಮುಳ್ಳುಗಿಡ ಎದ್ದಿದ್ದರೆ ಇದನ್ನು ಮೊದಲು ಅನುಮಾನಿಸಿ.

ಈ ಬಳಗದ ಕಾಡು ಗಿಡಗಳ ಕಾಯಿಯನ್ನು ಗುರುತಿಸಲು ಅಂತ ಬಾಯಿಗೆ ಹಾಕಬೇಡಿ. ಹಲವು ಜಾತಿಗಳಲ್ಲಿ ವಿಷದ ಅಂಶ ಇದೆ. ಮಕ್ಕಳಿಗೆ ಆ ಹಳದಿ ಗೋಲಿ ಆಟದ ಸಾಮಾನಿನಂತೆ ಕಾಣುತ್ತದೆ, ಅವರಿಗೆ ಮೊದಲೇ ತೋರಿಸಿ ಹೇಳಿಬಿಡಿ.

ಎಲೆಯ ಅಂಚೇ ಮುಳ್ಳು: ಮುರಿದು ಹಾಲು ನೋಡಿ

ಬೂದಿ ಬಳಿದಂಥ ನೀಲಿ ಹಸಿರು ಎಲೆ, ಅದರ ನರಗಳು ಬಿಳಿ, ಅಂಚಿನ ಪ್ರತಿ ಹಲ್ಲಿನ ತುದಿಯಲ್ಲೂ ಮುಳ್ಳು. ಎಲೆಗೆ ತೊಟ್ಟಿಲ್ಲ, ಕಾಂಡವನ್ನೇ ಅಪ್ಪಿಕೊಂಡಿರುತ್ತದೆ. ಕೈಗವಸು ಹಾಕಿಕೊಂಡು ಒಂದು ಎಲೆ ಮುರಿಯಿರಿ. ಅರಿಶಿನ ಕಲಸಿದಂಥ ಹಳದಿ ಹಾಲು ಬಂದರೆ ಅರಿಶಿನ ದತ್ತೂರಿ, ಆರ್ಜಿಮೋನ್ ಮೆಕ್ಸಿಕಾನಾ. ಹೂವು ತಿಳಿ ಹಳದಿ, ತೆಳು ಕಾಗದದ ಹಾಗಿನ ಎಸಳು. ಕಾಯಿಯ ಮೈಯೆಲ್ಲ ಮುಳ್ಳು. ಬಲಿತಾಗ ತುದಿಯಲ್ಲಿ ಬಿರಿದು ಕಪ್ಪು ಬೀಜ ಚೆಲ್ಲುತ್ತದೆ.

ಈ ಒಂದು ಗಿಡವನ್ನು ಸರಿಯಾಗಿ ಗುರುತಿಸಲೇಬೇಕು. ಬೀಜ ನೋಡಲು ಸಾಸಿವೆಯಂತೆಯೇ ಇರುತ್ತದೆ, ಅದರಲ್ಲಿ ಸ್ಯಾಂಗ್ವಿನರೀನ್ ಎಂಬ ವಿಷ ಇದೆ. 1998ರಲ್ಲಿ ದೆಹಲಿಯಲ್ಲಿ ಈ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು ಕಾಲು ಬಾವು, ಉಸಿರಾಟದ ತೊಂದರೆಯಿಂದ ಸಾವಿರಾರು ಜನ ನರಳಿದರು, ಹಲವರು ಪ್ರಾಣ ಕಳೆದುಕೊಂಡರು.

ಹೆಸರಿನಿಂದ ಒಂದು ಗೊಂದಲವೂ ಆಗುತ್ತದೆ. ಉಮ್ಮತ್ತಿಯನ್ನೂ ಕೆಲವರು ದತ್ತೂರ ಅನ್ನುತ್ತಾರೆ. ಉಮ್ಮತ್ತಿಯಲ್ಲಿ ಕಾಯಿ ಮಾತ್ರ ಮುಳ್ಳು, ಎಲೆ ನುಣುಪು, ಹೂವು ಉದ್ದ ಕಹಳೆಯಂತೆ, ಹಳದಿ ಹಾಲು ಇಲ್ಲ. ಅದೂ ವಿಷವೇ, ಆದರೆ ಗಿಡ ಬೇರೆ.

ಗಿಡ ನುಣುಪು, ಕಾಯಿ ಮಾತ್ರ ಚುಚ್ಚುತ್ತದೆ

ಚುಚ್ಚಿದ್ದು ಕೈಗಲ್ಲ, ಕಾಲಿಗೆ ಅಥವಾ ಸೈಕಲ್ ಚಕ್ರಕ್ಕೆ ಅಂತಾದರೆ ನೆಲದ ಮೇಲೆ ಹುಡುಕಿ. ನೆಲಕ್ಕೆ ಅಂಟಿ ಹರಡಿದ ಬಳ್ಳಿ, ಗರಿಯಂಥ ಎಲೆ, ಐದು ಎಸಳಿನ ಹಳದಿ ಹೂವು ಇದ್ದರೆ ನೆಗ್ಗಿಲು, ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಒಣಗಿದ ಕಾಯಿ ಸಾಮಾನ್ಯವಾಗಿ ಐದು ಹೋಳಾಗುತ್ತದೆ, ಒಂದೊಂದು ಹೋಳಿಗೂ ಗಟ್ಟಿ ಕೊಂಬು. ಹೇಗೆ ಬಿದ್ದರೂ ಒಂದು ಕೊಂಬು ಮೇಲೆಯೇ ನಿಲ್ಲುತ್ತದೆ.

ಗಿಡ ಎತ್ತರವಾಗಿದ್ದು, ಕಾಯಿ ಮೊಟ್ಟೆಯಾಕಾರವಾಗಿ ಮೈಯೆಲ್ಲ ಕೊಕ್ಕೆಯಿಂದ ತುಂಬಿ, ಬಟ್ಟೆಗೆ ಅಂಟಿಕೊಂಡರೆ ಮರುಳುಮತ್ತಿ. ಉದ್ದ ಕಡ್ಡಿಯಲ್ಲಿ ಕೆಳಮುಖವಾಗಿ ಜೋತ ಚೂಪು ಕಾಯಿಗಳು ಸೀರೆ, ಪ್ಯಾಂಟಿನ ಅಂಚಿಗೆ ಹತ್ತಿಕೊಂಡರೆ ಉತ್ತರಾಣಿ. ಎಲೆ ಹುಲ್ಲಿನಂತಿದ್ದು ತೆನೆಯಲ್ಲಿ ಮುಳ್ಳಿನ ಉಂಡೆಗಳಿದ್ದರೆ ಸೆಂಕ್ರಸ್ ಜಾತಿಯ ಹುಲ್ಲು.

ಫೋಟೋ ಮತ್ತು ಆ್ಯಪ್

ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಆದರೆ ಇಡೀ ಗಿಡದ ಒಂದೇ ಫೋಟೋ ಹಾಕಿದರೆ ಉತ್ತರ ತಪ್ಪುವುದೇ ಜಾಸ್ತಿ. ಮುಳ್ಳು ಹೊರಟ ಗೆಣ್ಣಿನ ಹತ್ತಿರದ ಫೋಟೋ ಒಂದು, ಎಲೆಯ ಮುಂಬದಿ ಒಂದು, ಹಿಂಬದಿ ಒಂದು, ಹೂವನ್ನು ನೇರ ಎದುರಿನಿಂದ ಒಂದು, ಕಾಯಿಯನ್ನು ಅಡ್ಡ ಕತ್ತರಿಸಿ ಒಂದು ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಮುಳ್ಳಿನ ಫೋಟೋ ಮಸುಕಾಗುವುದು ಸಾಮಾನ್ಯ, ಏಕೆಂದರೆ ಫೋನ್ ಹಿಂದಿನ ಮಣ್ಣಿನ ಮೇಲೆ ಫೋಕಸ್ ಮಾಡುತ್ತದೆ. ಗೆಣ್ಣಿನ ಹಿಂದೆ ಒಂದು ಬಿಳಿ ಕಾಗದ ಹಿಡಿದರೆ ಸಾಕು.

ಆ್ಯಪ್ ಕೊಟ್ಟ ಹೆಸರನ್ನು ಉತ್ತರ ಅಂತ ತಗೊಳ್ಳಬೇಡಿ, ಅನುಮಾನ ಅಂತ ತಗೊಳ್ಳಿ. ಆಮೇಲೆ ಮುಳ್ಳಿನ ಜಾಗ ಹೊಂದುತ್ತದೆಯೇ ಅಂತ ನೀವೇ ನೋಡಿ. ನನ್ನ ಮುಳ್ಳು ದಂಟಿನ ಎಳೆ ಗಿಡಕ್ಕೆ ಆ್ಯಪ್ ಮುಳ್ಳಿಲ್ಲದ ದಂಟಿನ ಹೆಸರನ್ನೇ ಕೊಟ್ಟಿತ್ತು.

ಊರಿನ ಹೆಸರಿನ ಜೊತೆಗೆ ಸಸ್ಯಶಾಸ್ತ್ರದ ಹೆಸರನ್ನೂ ಬರೆದಿಡಿ. ಗುಳ್ಳ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಗಿಡ. ಅಮರಾಂಥಸ್ ಸ್ಪೈನೋಸಸ್, ಮಿಮೋಸಾ ಪುಡಿಕಾ, ಆರ್ಜಿಮೋನ್ ಮೆಕ್ಸಿಕಾನಾ, ಟ್ರಿಬ್ಯುಲಸ್ ಟೆರೆಸ್ಟ್ರಿಸ್, ಈ ನಾಲ್ಕೂ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರುಗಳು. ಇವತ್ತಿಗೂ ಎಲ್ಲ ಕಡೆ ಅವೇ ನಡೆಯುತ್ತವೆ. ಆದರೂ ಅನುಮಾನ ಉಳಿದರೆ ಹೂವು, ಕಾಯಿ ಇರುವ ಒಂದು ಕೊಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ದಿನಾಂಕ ಬರೆದು, ಸಸ್ಯಶಾಸ್ತ್ರ ಕಲಿಸುವವರಿಗೆ ತೋರಿಸಿ.

ಹೆಸರು ಗೊತ್ತಾದ ಮೇಲೆ

ಮುಳ್ಳು ದಂಟಾದರೆ ಕಂಕುಳಲ್ಲಿ ಉಂಡೆ ಕಾಣುವ ಮೊದಲೇ ತಾಯಿಬೇರಿನ ಸಮೇತ ಕೀಳಿ. ಮಣ್ಣು ಒದ್ದೆ ಇದ್ದಾಗ ಸುಲಭ. ಬುಡ ಉಳಿಸಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಸೊಲಾನಮ್ ವಯಾರಮ್ ಆದರೆ ಮೊದಲು ಕಾಯಿಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ಹಾಕಿ, ಆಮೇಲೆ ಬೇರು ಅಗೆಯಿರಿ. ನಾಚಿಕೆ ಮುಳ್ಳಿನ ಬೀಜದ ಸಿಪ್ಪೆ ಗಟ್ಟಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬೀಜ ಕಟ್ಟಿದ ಯಾವ ಕಳೆಯನ್ನೂ ಗೊಬ್ಬರದ ಗುಂಡಿಗೆ ಹಾಕಬೇಡಿ.

ಮುಳ್ಳು ಚರ್ಮದಲ್ಲಿ ಮುರಿದರೆ ಸೋಪಿನ ನೀರಿನಲ್ಲಿ ತೊಳೆದು ಚಿಮಟದಿಂದ ತೆಗೆಯಿರಿ. ಬೆರಳಿನ ಗೆಣ್ಣಿನ ಹತ್ತಿರ ಚುಚ್ಚಿ, ಕೆಲವು ದಿನದ ಮೇಲೂ ಬಾವು ನೋವು ಇದ್ದರೆ ವೈದ್ಯರಿಗೆ ತೋರಿಸಿ. ಒಳಗೆ ಚೂರು ಉಳಿದರೆ ಕೀಲು ಊದಿಕೊಳ್ಳುತ್ತದೆ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಅಂತಲೂ ನೆನಪು ಮಾಡಿಕೊಳ್ಳಿ.

ಮುಂದಿನ ಮಳೆಗೆ: ಸಸಿಯಲ್ಲೇ ಗುರುತಿಸುವುದು

ನಾಚಿಕೆ ಮುಳ್ಳಿನ ಪುಟ್ಟ ಸಸಿಯೂ ಮುಟ್ಟಿದರೆ ಮಡಚುತ್ತದೆ, ಕಷ್ಟವಿಲ್ಲ. ಅರಿಶಿನ ದತ್ತೂರಿಯ ಸಸಿ ನೀಲಿ ಹಸಿರಿನಿಂದಲೇ ಎದ್ದು ಕಾಣುತ್ತದೆ. ಬದನೆ ಬಳಗದ ಮುಳ್ಳಿನ ಜಾತಿಗಳಲ್ಲಿ ಎಳೆಯ ಎಲೆಗಳ ನರದ ಮೇಲೆ ಭೂತಗನ್ನಡಿ ಹಿಡಿದು ನೋಡಿ.

ತೊಂದರೆ ಇರುವುದು ಮುಳ್ಳು ದಂಟಿನದೇ. ಅದರ ಸಸಿಗೆ ಮುಳ್ಳು ಇರುವುದಿಲ್ಲ, ಮಾಮೂಲಿ ದಂಟಿನ ಸಸಿಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ನಾನು ಈಗ ಮಾಡುವುದು ಇಷ್ಟು. ತಾನಾಗಿ ಎದ್ದ ದಂಟಿನ ಸಸಿಗಳಲ್ಲಿ ಮೂರನ್ನು ಕಿತ್ತು ಒಂದು ಕುಂಡದಲ್ಲಿ ನೆಡುತ್ತೇನೆ. ಉಳಿದವನ್ನು ನೆಲದಿಂದ ತೆಗೆದುಬಿಡುತ್ತೇನೆ. ಕುಂಡವನ್ನು ದಿನಾ ಓಡಾಡುವ ಜಾಗದಲ್ಲಿ ಇಟ್ಟು ವಾರಕ್ಕೊಮ್ಮೆ ಎಲೆಯ ಕಂಕುಳನ್ನು ನೋಡುತ್ತೇನೆ. ಮುಳ್ಳಿನ ಜೋಡಿ ಮೊದಲು ಎಳೆಯ ಹಸಿರು ಚುಕ್ಕಿಯಂತೆ ಮೂಡುತ್ತದೆ, ಆಗ ಅದು ಇನ್ನೂ ಮೆತ್ತಗಿರುತ್ತದೆ. ಅದು ಕಂಡ ದಿನವೇ ಕುಂಡದ ಮೂರನ್ನೂ ಕಿತ್ತು, ನೆಲದಲ್ಲಿ ಮತ್ತೆ ಎದ್ದಿರುವುದನ್ನೂ ಒಮ್ಮೆ ಕಿತ್ತುಬಿಡಿ.